ಭಾವನ ಕರವಸ್ತ್ರ

ಆಸ್ಪತ್ರೆಯಲ್ಲಿ ನನ್ನ ಪಕ್ಕ ಇಬ್ಬರು ಕೂತಿದ್ದರು. ಕಿರಿಯನ ಒಡೆದ ಹಣೆಗೆ ಹಿರಿಯ ತನ್ನ ಕರವಸ್ತ್ರ ಒತ್ತಿ ಹಿಡಿದಿದ್ದ.

“ಸರ್ವರಿನ ಸರ್ಟಿಫಿಕೇಟ್ ಅವಧಿ ಮುಗಿದ್ರೆ ಹೊಸದು ಹಾಕ್ಬೇಕು. ಮೇಲ್ ಗುಟ್ಟಾಗಿಡೋ ಎನ್‌ಕ್ರಿಪ್ಶನ್ನನ್ನೇ ಆಫ್ ಮಾಡ್ತಾರೇನೋ ಕತ್ತೆ? ಆಫೀಸಿನ ಪಾಸ್‌ವರ್ಡೆಲ್ಲ ಬೀದಿಪಾಲು!” ಹಿರಿಯ ಗದರಿದ.

“ಮೇಲ್ ಸರ್ವರ್ ನಿಂತಿತ್ತು ಭಾವ. ಎಲ್ಲರೂ ಬಾಯಿಗೆ ಬಂದ ಹಾಗೆ ಬೈತಿದ್ರು.”

“ಸಿಟ್ಟಲ್ಲಿ ನನ್ನ ಕೈಗೆ ಕೀಬೋರ್ಡ್ ಬಂತು ಕಣೋ.”

“ಮೂರು ಸಲ ಬಂತು.”

“ಸರಿ ಬಿಡು. ಡಾಕ್ಟರ್ ಕೇಳಿದ್ರೆ ಬಾಗಿಲು ಬಡೀತು ಅನ್ನು.”

“ತುಟಿ ಒಡೆದಾಗ ಅಕ್ಕನೂ ಅದನ್ನೇ ಹೇಳಿದ್ಲು.”

ನರ್ಸ್ ಕರೆದಾಗ ಹಿರಿಯನೂ ಎದ್ದ.

“ನೀವು ಬರೋದು ಬೇಡ ಭಾವ. ನಾನು ನಿಜಾನೇ ಹೇಳ್ತೀನಿ, ಅಕ್ಕಂದೂ ಸೇರಿಸಿ.”

ನರ್ಸ್ ಕರವಸ್ತ್ರ ತೆಗೆದು ಹೊಸ ಹತ್ತಿ ಇಟ್ಟಳು. ಹುಡುಗನ ಹೆಗಲ ಮೇಲೆ ಕೈಯಿಟ್ಟು ಒಳಗೆ ಕರೆದೊಯ್ದು, ಬಾಗಿಲನ್ನು ಮೆಲ್ಲಗೆ ಮುಚ್ಚಿದಳು.