ಮದ್ವೆ ನಿಮಗೋ, ಮಗಳಿಗೋ?

…ಅಲ್ಲ ಕಣೇ ಕಾವ್ಯ, ನೀನೇ ಹೇಳು, ಒಬ್ರು ಮಾತಾಡೋವಾಗ ನಡುವೆ ಬಾಯಿ ಹಾಕೋದು ಯಾವ ಸೀಮೆ ಮರ್ಯಾದೆ? ಹುಡುಗನ ಸೋದರತ್ತೆ ಆದ್ರೆ ಏನಂತೆ, ದೊಡ್ಡ ಚಂದ್ರಕ್ಕ! ಐಮಂಗಲದಿಂದ ಹೆಣ್ಣು ನೋಡಾಕೆ ಬಂದ್ಳೋ, ನನ್ನ ಬಾಯಿ ಮುಚ್ಚಿಸಾಕೆ ಬಂದ್ಳೋ? ಒಂದು ಮಾತು, ಒಂದೇ ಒಂದು ಮಾತು ಪೂರ್ತಿ ಮುಗಿಸಾಕೆ ಬಿಟ್ಳಾ? "ಇವಳು ಓದಿದ್ದೆಲ್ಲ ಹೊಸದುರ್ಗದಾಗೇ…" ಅನ್ನೋಷ್ಟರಾಗೆ, "ಹುಡುಗಿ ಹೇಳ್ಲಿ ಬಿಡ್ರಿ!" "ನಮ್ಮನೆ ದೇವ್ರು…" ಅಂದೆ. ಮತ್ತೆ, "ಹುಡುಗಿ ಹೇಳ್ಲಿ ಬಿಡ್ರಿ!" ಥೂ! ಹಾಡಿದ್ದೇ ಹಾಡೋ ಕಿಸಬಾಯಿ ದಾಸ.

ನಲ್ಲಿ ನಿಲ್ಸೇ, ನೀರು ಸುಮ್ನೆ ಹೋಗ್ತೈತೆ. ಲೋಟ ಆಮೇಲೆ ತೊಳೆದ್ರೆ ಆತು… ನಿಲ್ಸು ಅಂದ್ನಲ್ಲ! ಹೂಂ, ಇರ್ಲಿ. ಇವತ್ತು ನನ್ನ ಮಾತು ಯಾರಿಗೆ ಬೇಕಾಗೈತೆ?

ಆ ಹುಡುಗ ಮಲ್ಲೇಶ್ ಒಳ್ಳೇನು, ಸುಳ್ಳು ಯಾಕೆ ಹೇಳ್ಲಿ. "ಫೋಟೋ ಸ್ಟುಡಿಯೋದಾಗೆ ಏನು ಕೆಲ್ಸ ಮಾಡ್ತೀರ?" ಅಂತ ಮೆತ್ತಗೆ ನಿನ್ನ ಕೇಳ್ದ. ನಾನು ಹೇಳ್ದೆ. ಮದ್ವೆ ಆಲ್ಬಂ ಮಾಡ್ತಾಳಪ್ಪ, ಕಂಪ್ಯೂಟರ್ ಮುಂದೆ ಕುಂತ್ರೆ ಊಟ ಬ್ಯಾಡ, ನೀರು ಬ್ಯಾಡ ಅಂತ. ತಪ್ಪಾ? ಯಾವ ಅಡಿಗೆ ಇಷ್ಟ ಅಂದ. ಮುದ್ದೆ, ಅವರೆಕಾಳು ಸಾರು ಅಂದೆ. ಸುಳ್ಳಾ? ಅವ್ರಪ್ಪ "ಒಂದು ವಚನ ಹೇಳಮ್ಮ" ಅಂದ್ರು. ಗಂಟಲು ಕಟ್ಟೈತೆ ಅಂದೆ… ಅದು ಬ್ಯಾರೆ, ಬಿಡು.

ಅಷ್ಟಕ್ಕೇ ಆ ಯಮ್ಮ ಕಾಫಿ ಲೋಟ ಕುಕ್ಕಿ ಏನಂದ್ಳು? "ಪಾರ್ವತಕ್ಕಾರೇ, ಮದ್ವೆ ನಿಮಗೋ, ಮಗಳಿಗೋ?" ಅಬ್ಬಬ್ಬಾ! ಎಲ್ರೂ ಗೊಳ್ ಅಂತ ನಕ್ರು. ಸಂಬಂಧ ತಂದ ಸಣ್ಣಪ್ಪ ನಕ್ಕ. ನಿಮ್ಮಪ್ಪ… ಕಟ್ಕಂಡ ಗಂಡ ಕಣೇ, ಅವ್ರೂ ಟವಲ್ಲು ಅಡ್ಡ ಇಟ್ಕಂಡು ನಕ್ರು! ಮೈಯೆಲ್ಲ ಉರಿದು ಹೋತು ನಂಗೆ.

ಏನು, ನೀನೂ ನಗ್ತೀಯಾ? ಬೆನ್ನು ತಿರುಗಿಸಿ ನಿಂತ್ರೆ ಗೊತ್ತಾಗಲ್ವಾ? ಭುಜ ಕುಣಿತಾ ಐತೆ. ನಗು, ನಗು! ನಾನು ಈ ಮನೆಗೆ ಬಂದಾಗ ನಮ್ಮತ್ತೆ ಮಾತಾಡ್ತಿದ್ರೆ ಕೆಮ್ಮು ಬಂದ್ರೂ ನುಂಗ್ಕಂತಿದ್ದೆ. ಅಂಥೋಳಿಗೆ ಇವತ್ತು ಈ ಮಾತು!

ಈಗ ಕೇಳು. ಸಣ್ಣಪ್ಪನ ಹೊಸ ಮನೆ ನೋಡ್ಕಂಡು ಇನ್ನೇನು ವಾಪಸ್ ಬರ್ತಾರೆ. ಆ ಯಮ್ಮ ಹೋಗ್ತಾ ಹೋಗ್ತಾ ಅಪ್ಪಣೆ ಕೊಟ್ಟು ಹೋಗಿದಾಳೆ, "ಬಂದ ಮೇಲೆ ಹುಡುಗ ಹುಡುಗಿ ಇಬ್ರೇ ಮಾತಾಡ್ಲಿ, ಯಾರೂ ಹತ್ರ ಸುಳಿಯಾದು ಬ್ಯಾಡ" ಅಂತ. ಯಾರೂ ಅಂದ್ರೆ ಯಾರು? ನಾನೇ! ಪಕ್ಕದಾಗೆ ನಾನಿರಲ್ಲ ಕಣೇ… ಅವನು ಏನು ಕೇಳಿದ್ರೂ ಕೋಲೆ ಬಸವನಂಗೆ ತಲೆ ಆಡ್ಸು. ಜಾಸ್ತಿ ಕೇಳಿದ್ರೆ ನಾಚ್ಕಂಡು ಎದ್ದು ಬಾ. ಬಾಯಿ ಬಿಟ್ಟು ಏನೂ ಹೇಳಬ್ಯಾಡ. ತಾಳಿ ಒಂದು ಬಿದ್ರೆ ಆಮೇಲೆ ಎಲ್ಲಾ ತಾನಾಗೇ ಸರಿ ಹೋಗ್ತೈತೆ. ಗೊತ್ತಾತಾ?

ಗೊತ್ತಾತಾ ಅಂದೆ!… ಹೂಂ ಅನ್ನಾಕೂ ಆಗಲ್ವೇನೇ ನಿಂಗೆ? ಆಗ್ಲಿಂದ ಒಬ್ಳೇ ಬಡ್ಕಂತಾ ಇದೀನಿ… ತಿರುಗು ಇತ್ತ. ತಿರುಗೇ!

ಅಯ್ಯೋ… ನಗ್ತಾ ಇರ್ಲಿಲ್ವಾ ನೀನು? ಕಣ್ಣು ಕೆಂಡದಂಗೆ ಅವಲ್ಲೇ… ಯಾಕೆ ಹಂಗೆ ನನ್ನ ತುಟೀನೇ ನೋಡ್ತೀಯ? ಕಿವಿ ಮುಟ್ಕಂಡು ಕೈ ಯಾಕೆ ಚಾಚ್ತೀಯ…

ಶಿವನೇ! ಕಿವಿ ಕೇಳೋ ಮಿಷನ್! ನನ್ನ ಸೆರಗಿನ ಗಂಟಿನಾಗೇ ಐತಲ್ಲೇ! ಅವ್ರು ಬರೋಕೆ ಮುಂಚೆ ನಾನೇ ನಿನ್ನ ಕಿವಿಯಿಂದ ತೆಗ್ದು ಕಟ್ಕಂಡಿದ್ದು… ಸಿಟ್ಟಿನಾಗೆ ವಾಪಸ್ ಕೊಡೋದೇ ಮರ್ತು ಬಿಟ್ಟೆ. ಅಷ್ಟು ಜನರ ನಡುವೆ, ಯಾರು ಏನಂದ್ರು ಅಂತಾನೂ ಗೊತ್ತಾಗದೆ ಹೆಂಗೆ ಕುಂತಿದ್ಯೋ… ನಾನಿಲ್ಲಿ ಇಷ್ಟೊತ್ತು ಕೂಗಾಡಿದ್ದೂ…?

ಏನು ಮಾಡ್ಲಿ ಹೇಳು! ಹೋದ ಸಲ ನಿನ್ನ ನೋಡಾಕೆ ಬಂದ ಹೊಳಲ್ಕೆರೆಯೋರು ಇದನ್ನ ನೋಡಿದ್ದೇ, ಉಪ್ಪಿಟ್ಟು ತಟ್ಟೇಲೇ ಬಿಟ್ಟು ಎದ್ದು ಹೋಗ್ಲಿಲ್ವಾ? ಯಾರಾದ್ರೂ ನಿನ್ನ ಏನಾದ್ರೂ ಕೇಳಿ, ನೀನು ಮಿಕಮಿಕ ನೋಡಿಬಿಟ್ರೆ ಅಂತ ಜೀವ ಬಾಯಿಗೆ ಬಂದಿತ್ತು ಕಣೇ. ಅದ್ಕೇ ಎಲ್ಲಾದಕ್ಕೂ ನಾನೇ ಮುಂದೆ ಬಿದ್ದೆ.

ಗೇಟ್ ಸದ್ದು… ಬಂದ್ರು! ತಗೋ, ಹಾಕ್ಕ, ಬೇಗ. ಕೂದ್ಲು ಮುಂದಕ್ಕೆ ಎಳ್ಕ, ಕಾಣದಂಗೆ… ಎಳ್ಕ ಅಂದ್ರೆ ತುರುಬು ಕಟ್ತೀಯಲ್ಲೇ! ಕಾವ್ಯ! ಕಿವಿ ಕಾಣ್ತೈತೆ! ಹಂಗೇ ಹೋಗ್ತೀಯಾ ಅವನ ಮುಂದೆ? ನಿಲ್ಲು, ನಾನು ಮೊದ್ಲು ಹೋಗಿ ಒಂದು ಮಾ…

…ಆತು. ತೆಗಿ. ನನ್ನ ಬಾಯಿ ಮೇಲಿಂದ ಕೈ ತೆಗಿ. ಆತು ಅಂದ್ನಲ್ಲ, ನಾನು ಬರಲ್ಲ.

ಹೋಗು. ನೀನೇ ಹೇಳು.