ಒಗ್ಗುವ ಶಾಂಪೂ

ಶಿಮ್‌ಕೆಂಟ್ ನಗರದ ಹಳೇ ಕಾರುಗಳ ಬಜಾರಿನ ಪಕ್ಕ, ಕಾರು ತೊಳೆಯುವ ಜಾಗದಲ್ಲಿ ಮಾರಲ್ ಎಂಬಾಕೆ ಹಾಲು ಬೆರೆಸಿದ ಚಹಾ ಹೀರುತ್ತ ತನ್ನ ಸರದಿಗೆ ಕಾಯುತ್ತಿದ್ದಳು. ಮುಂದಿನ ಬಿಳಿ ಕಾರಿನ ಬಳಿ ಅದನ್ನು ಮಾರಲು ಬಂದ ಯುವಕನಿಗೂ ಕೊಳ್ಳಲು ಬಂದ ನರೆಗಡ್ಡದ ಟೋಲೆಗೆನ್‌ಗೂ ಮಾತು ಹತ್ತಿಕೊಂಡಿತ್ತು.

“ಇಲ್ಲಿಯ ಶಾಂಪೂ ಬೇಡಣ್ಣಾ. ಬಣ್ಣ ಉಳೀಲಿ ಅಂತ ವ್ಯಾಕ್ಸ್ ಹಾಕ್ಸಿದೀನಿ. ಅದಕ್ಕೆ ಒಗ್ಗೋದು ನನ್ನ ಈ ಬಾಟ್ಲೀದು ಮಾತ್ರ.”

“ವ್ಯಾಕ್ಸ್ ಹೋದ್ರೆ ಹೋಗ್ಲಿ ಬಿಡು, ಮತ್ತೆ ಹಾಕಿಸ್ಕೋತೀನಿ.”

“ಇವರದು ತುಂಬಾ ಸ್ಟ್ರಾಂಗು. ಹೊಳಪೆಲ್ಲ ತಿಂದ್ಹಾಕುತ್ತೆ.”

“ಹೊಳಪು ನೋಡೋಕೆ ನಾನೇನು ಹೆಣ್ಣು ನೋಡೋಕ್ ಬಂದಿದೀನಾ? ಹಾಕಿಸು.”

“ಆಯ್ತು. ಆದ್ರೆ ಎಡಗಡೆ ಹಿಂದಿನ ಬಾಗಿಲೊಂದು ಬೇಡ.”

ಗಡ್ಡದವನು ನಿಧಾನವಾಗಿ ಆ ಬಾಗಿಲಿನತ್ತ ತಿರುಗಿದ.

“ಯಾಕಪ್ಪಾ, ಅದಕ್ಕೇನು ನೆಗಡೀನಾ?”

“ಅಲ್ಲಿ ವ್ಯಾಕ್ಸ್ ಸ್ವಲ್ಪ ದಪ್ಪ ಇದೆ.”

“ಅಡೀಲಿರೋದನ್ನ ಮುಚ್ಚೋಷ್ಟು ದಪ್ಪಾನಾ? ಎಲ್ಲಿ ಗುದ್ದಿಸಿದ್ದೆ?”

“ನಂಬಿಕೆ ಇಲ್ದಿದ್ರೆ ಬಿಡಿ ಟೋಲೆಗೆನ್ ಅಣ್ಣಾ. ತಗೊಳೋರು ಬೇರೆ ಇದಾರೆ.”

“ಅವ್ರಿಗೂ ಆ ಬಾಟ್ಲಿ ಕೊಟ್ಟೇ ಕಳಿಸು.”

ಯುವಕ ತೊಳೆಸದೆಯೇ ಕಾರು ಹೊರಡಿಸಿದ. ಗಡ್ಡದವನು ಕೈ ಕೊಡವಿಕೊಂಡು ಬಜಾರಿನ ಕಡೆ ನಡೆದ.

ಮಾರಲ್‌ಳ ಸರದಿ ಬಂತು. “ಯಾವ ಶಾಂಪೂ ಹಾಕ್ಲಿ ಅಕ್ಕಾ?” ಎಂದು ತೊಳೆಯುವವನು ಕೇಳಿದ. ಕಳೆದ ತಿಂಗಳು ಅವಳಿಗೆ ಈ ಕಾರು ಮಾರಿದವನು ‘ಇದನ್ನೇ ಬಳಸಿ, ಬೇರೆ ಮುಟ್ಟಿಸಬೇಡಿ’ ಎಂದು ಕೊಟ್ಟಿದ್ದ ಬಾಟಲಿ ಅವಳ ಕೈಯಲ್ಲೇ ಇತ್ತು. ಅವಳು ಅದನ್ನು ಚೀಲದೊಳಕ್ಕೆ ತುರುಕಿದಳು.

“ನಿಮ್ಮಲ್ಲಿ ಎಲ್ಲಕ್ಕಿಂತ ಸ್ಟ್ರಾಂಗ್ ಯಾವ್ದಿದೆಯೋ ಅದೇ ಹಾಕಪ್ಪಾ,” ಎಂದಳು. “ನಾಲ್ಕೂ ಬಾಗಿಲಿಗೆ.”