ನನ್ನನ್ನೂ ಹೊರಗೆ ಕಳಿಸಿದ ದಿನ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಅವರ ಪಕ್ಕದಲ್ಲಿ ಕುಳಿತು ‘ಬೇಗ ಮುಗಿಸಿ’ ಎಂದು ಕಣ್ಣಲ್ಲೇ ಹೇಳುತ್ತಿರುವ ನನ್ನ ಹೆಂಡತಿಯೇ, ಮುಂದಿನ ಸಾಲಿನಲ್ಲಿರುವ ನನ್ನ ಅಮ್ಮನೇ, ಸಭಿಕರೇ,

ಸಮಾಜ ಕಾರ್ಯಕರ್ತೆಯಾಗಿ ಇಂದು ನಿವೃತ್ತಳಾಗುತ್ತಿರುವ ಈಕೆಯ ಬಗ್ಗೆ ಎರಡು ಮಾತಾಡಿ ಎಂದಿದ್ದೀರಿ. ನನಗೇನು ಗೊತ್ತು? ಕಚೇರಿಯ ಒಂದು ಮಾತೂ ನಮ್ಮ ಹೊಸ್ತಿಲು ದಾಟಿ ಒಳಬಂದಿಲ್ಲ. ನನಗೋ ಹುಟ್ಟಾ ಕುತೂಹಲ. “ಇವತ್ತು ಯಾರ ಮನೆಗೆ ಹೋಗಿದ್ದೆ?” ಎಂದರೆ “ಊಟ ತಣ್ಣಗಾಗ್ತಿದೆ” ಎನ್ನುತ್ತಿದ್ದಳು. ಇಂಥವಳೊಂದಿಗೆ ಸಂಸಾರ ಮಾಡುವುದು ಸುಲಭವೇ?

ಅವಳ ಕೆಲಸವನ್ನು ಕಣ್ಣಾರೆ ಕಂಡದ್ದು ಒಮ್ಮೆ ಮಾತ್ರ, ಅದೂ ನಮ್ಮ ಮನೆಯಲ್ಲೇ. ಹೇಳಲೇನಮ್ಮಾ? ಅಮ್ಮ ಹೂಂ ಅನ್ನುತ್ತಿದ್ದಾಳೆ.

ತಮ್ಮನ ಮನೆಯಲ್ಲಿದ್ದ ಅಮ್ಮ ಕೆಲವು ದಿನಕ್ಕೆಂದು ನಮ್ಮಲ್ಲಿಗೆ ಬಂದಿದ್ದಳು. ಎರಡೂ ತೋಳುಗಳ ಮೇಲೆ ಬೆರಳಿನ ಗುರುತು. “ಬಚ್ಚಲಲ್ಲಿ ಜಾರಿದೆ ಕಣೋ” ಅಂದಳು. ನಾನು ನಂಬಿದೆ. ಮುಂದಿನ ವಾರ ಅವಳನ್ನು ಮತ್ತೆ ಅಲ್ಲಿಗೆ ಬಿಟ್ಟು ಬರಬೇಕಿದ್ದವನು ನಾನೇ. ಈಕೆ ಮಾತ್ರ ಫೋನ್ ಎತ್ತಿ ಕಚೇರಿಗೆ ತಿಳಿಸಿಬಿಟ್ಟಳು.

“ಖಾತ್ರಿ ಇಲ್ಲದೆ ನನ್ನ ತಮ್ಮನ ಮಾನ ಕಳೀತೀಯಾ?” ಎಂದು ರೇಗಿದೆ.

“ಖಾತ್ರಿ ಮಾಡ್ಕೊಳ್ಳೋದು ನನ್ನ ಕೆಲಸ ಅಲ್ಲ. ಅನುಮಾನ ಬಂದ್ರೆ ತಿಳಿಸೋದು ನನ್ನ ಕೆಲಸ.”

ಸ್ವಂತ ಮನೆಯ ವಿಷಯಕ್ಕೆ ತಾನೇ ಕೈಹಾಕುವಂತಿಲ್ಲವಂತೆ. ಹಾಗಾಗಿ ಕಚೇರಿಯಿಂದ ಬಂದವರು ಇಂದಿನ ಈ ಸಭೆಯ ಅಧ್ಯಕ್ಷರು. ಅಮ್ಮನ ಹತ್ತಿರ ಕುರ್ಚಿ ಎಳೆದುಕೊಂಡು, “ನೀವಿಬ್ಬರೂ ಸ್ವಲ್ಪ ಹೊರಗಿರಿ” ಎಂದರು. ಹೆತ್ತ ಮಗನಿಗೆ ಈ ಮಾತೇ? ಬಾಗಿಲಿಗೆ ಕಿವಿ ಕೊಡೋಣವೆಂದರೆ ಈಕೆ ನನ್ನನ್ನು ಕರೆದು ಮೆಟ್ಟಿಲ ಮೇಲೆ ಕೂರಿಸಿಕೊಂಡಳು.

“ನೀನ್ಯಾಕೆ ಹೊರಗೆ ಬಂದೆ? ನಿಮ್ಮದೇ ಕಚೇರಿ ಅಲ್ವಾ?”

“ನಾನೂ ಈ ಮನೆಯವಳೇ ಅಲ್ವೇನ್ರೀ?” ಎಂದಳು.

ಒಳಗೆ ಅಮ್ಮ ಏನು ಹೇಳಿದಳು? ಇಂದಿಗೂ ನನಗೆ ಪೂರ್ತಿ ಗೊತ್ತಿಲ್ಲ. ಬಾಗಿಲು ತೆರೆದಾಗ ಅವಳು ಅತ್ತು ಮುಗಿಸಿದ್ದಳು. “ಅಲ್ಲಿಗೆ ನಾನು ಹೋಗಲ್ಲಪ್ಪ” ಅಂದಳು, ಅಷ್ಟೇ. ಅಂದಿನಿಂದ ನಮ್ಮಲ್ಲೇ ಇದ್ದಾಳೆ. ತಮ್ಮ ನನ್ನೊಂದಿಗೆ ಮಾತು ಬಿಟ್ಟಿದ್ದಾನೆ. ಸಂಕಟವಾಗುತ್ತದೆ, ಸುಳ್ಳು ಯಾಕೆ ಹೇಳಲಿ?

ಆದರೂ ಒಂದು ಹುಳ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಇಂದು ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಿದ್ದವಳನ್ನು ಕೇಳಿಯೇಬಿಟ್ಟೆ: “ಕೆಲಸ ಮುಗೀತಲ್ಲ, ಈಗಲಾದ್ರೂ ಹೇಳು. ಅವತ್ತು ನನ್ನ ಮೇಲೂ ಅನುಮಾನ ಇತ್ತಾ?”

“ಇತ್ತು. ಬೇಗ ಬನ್ನಿ, ಹೊತ್ತಾಯ್ತು.”

ದಾರಿಯುದ್ದಕ್ಕೂ ಮುಖ ಊದಿಸಿಕೊಂಡು ಬಂದೆ. ಈಗ, ಇಲ್ಲಿ ನಿಂತು ಅಮ್ಮ ನಗುವುದನ್ನು ನೋಡುವಾಗ ಅರ್ಥವಾಗುತ್ತಿದೆ. ಗಂಡನೆಂದು ನನ್ನನ್ನು ಅನುಮಾನಿಸದೆ ಬಿಟ್ಟಿದ್ದರೆ, ಮೈದುನನೆಂದು ಅವನನ್ನೂ ಬಿಡುತ್ತಿದ್ದಳು. ಅಮ್ಮನನ್ನು ನಾನೇ ಕೈಹಿಡಿದು ಅಲ್ಲಿಗೆ ಬಿಟ್ಟು ಬರುತ್ತಿದ್ದೆ.

ನನ್ನನ್ನು ಅನುಮಾನಿಸಿದ ಹೆಂಡತಿಗೂ, ನನ್ನನ್ನು ಹೊರಗೆ ಕಳಿಸಿದ ಅಧ್ಯಕ್ಷರಿಗೂ ಧನ್ಯವಾದಗಳು. ನಮಸ್ಕಾರ.